‘ಹೋಮ್’ ಪದವನ್ನು ಸರಿಯಾಗಿ ಬಳಸುವುದು ಹೇಗೆ? ಕನ್ನಡದಲ್ಲಿ ಯೋಚಿಸುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

‘ಐ ಆಮ್ ಗೋಯಿಂಗ್ ಟು ಹೋಮ್’ ಎಂದು ಹೇಳಿ ಯಾರಿಂದಲೋ ತಿದ್ದಿಸಿಕೊಂಡವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ತಿದ್ದುವವರು ‘ಟು ಬೇಡ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಯಾಕೆ ಬೇಡ ಎಂದು ಹೇಳುವವರು ಕಡಿಮೆ. ಮರುದಿನ ಅದೇ ಹುಡುಗ ‘ಕಮ್ ಟು ಮೈ ಹೋಮ್’ ಎಂದರೆ ಅದು ಸರಿಯಂತೆ. ಅಲ್ಲಿ ‘ಟು’ ಬೇಡ, ಇಲ್ಲಿ ಬೇಕು. ಗೊಂದಲ ಆಗದೆ ಇರುತ್ತಾ?

ಈ ತಪ್ಪು ಇಂಗ್ಲಿಷ್ ಬರದೇ ಇರುವುದರಿಂದ ಆಗುವುದಲ್ಲ. ಕನ್ನಡ ಚೆನ್ನಾಗಿ ಬರುವುದರಿಂದ ಆಗುವುದು. ನಮಗೆ ‘ಮನೆಗೆ’ ಅನ್ನುವಾಗ ‘ಗೆ’ ಬೇಕೇ ಬೇಕು, ಹಾಗಾಗಿ ಇಂಗ್ಲಿಷ್‌ನಲ್ಲೂ ಅದಕ್ಕೊಂದು ಜಾಗ ಹುಡುಕುತ್ತೇವೆ. ಆದರೆ ‘ಹೋಮ್’ ಪದದೊಳಗೆ ಆ ‘ಗೆ’ ಆಗಲೇ ಸೇರಿಕೊಂಡಿದೆ. ಅದರ ಜೊತೆಗೆ ‘ಯಾರ ಮನೆ’ ಅನ್ನುವುದೂ ಸೇರಿಕೊಂಡಿದೆ. ಈ ಎರಡು ವಿಷಯ ಮನಸ್ಸಿನಲ್ಲಿ ಕೂತರೆ ನಿಯಮ ಬಾಯಿಪಾಠ ಮಾಡುವ ಕೆಲಸ ಹೆಚ್ಚುಕಮ್ಮಿ ಮುಗಿದಂತೆ.

ಆಫೀಸಿನಲ್ಲಿ ದಿನಾ ಇಂಗ್ಲಿಷ್ ಆಡಬೇಕಾದವರು, ಮಕ್ಕಳಿಗೆ ಮನೆಯಲ್ಲಿ ಹೇಳಿಕೊಡುವ ಅಪ್ಪ ಅಮ್ಮ, ಓದಲು ಅಥವಾ ಕೆಲಸಕ್ಕೆ ಹೊರದೇಶಕ್ಕೆ ಹೊರಟವರು, ಎಲ್ಲರಿಗೂ ಉಪಯೋಗ ಆಗಲಿ ಎಂದು ಇದನ್ನು ಬರೆದಿದ್ದೇನೆ. ಹೆಜ್ಜೆಗಳನ್ನು ಇದೇ ಸಾಲಿನಲ್ಲಿ ಓದಿ. ಎರಡನೆಯದು ಮತ್ತು ಮೂರನೆಯದು ಮುಖ್ಯವಾದವು, ಅಲ್ಲಿ ಸ್ವಲ್ಪ ನಿಧಾನ ಮಾಡಿ.

ಹೆಜ್ಜೆ 1: ‘ಹೌಸ್’ ಬೇರೆ, ‘ಹೋಮ್’ ಬೇರೆ

‘ಹೌಸ್’ ಅಂದರೆ ಕಟ್ಟಡ. ಇಟ್ಟಿಗೆ, ಸಿಮೆಂಟು, ಬಾಗಿಲು, ತಾರಸಿ ಇರುವಂಥದ್ದು. ಅದನ್ನು ಕಟ್ಟಬಹುದು, ಮಾರಬಹುದು, ಬಾಡಿಗೆಗೆ ಕೊಡಬಹುದು. ‘ಹೋಮ್’ ಅಂದರೆ ನಾವು ಬಾಳುವ ಜಾಗ. ಅದು ಹೌಸ್ ಆಗಿರಬಹುದು, ಫ್ಲ್ಯಾಟ್ ಆಗಿರಬಹುದು, ಬಾಡಿಗೆ ರೂಮಾಗಿರಬಹುದು, ಹಾಸ್ಟೆಲ್ಲಿಗೆ ಹೋದ ಹುಡುಗಿಗೆ ಇಡೀ ಊರೇ ಆಗಿರಬಹುದು.

ಸೈಟು ತಗೊಂಡು ಮನೆ ಕಟ್ಟಿಸುತ್ತಿದ್ದರೆ ‘ವಿ ಆರ್ ಬಿಲ್ಡಿಂಗ್ ಎ ಹೌಸ್’ ಅನ್ನಿ. ಮನೆ ಸೋರುತ್ತಿದ್ದರೆ ‘ದ ಹೌಸ್ ಈಸ್ ಲೀಕಿಂಗ್’. ಬಿಲ್ಡರುಗಳ ಜಾಹೀರಾತಿನಲ್ಲಿ ಮಾತ್ರ ಯಾವಾಗಲೂ ‘ಹೋಮ್ಸ್’ ಎಂದೇ ಇರುತ್ತದೆ. ಅದು ಮಾರುವವರ ಭಾಷೆ. ಬ್ಯಾಂಕಿನ ‘ಹೋಮ್ ಲೋನ್’ ಕೂಡ ಅದೇ ಜಾತಿಯದು. ಮಾತಿನಲ್ಲಿ ಕಟ್ಟಡದ ವಿಷಯ ಬಂದಾಗ ‘ಹೌಸ್’ ಸಾಕು.

‘ಹೌಸ್’ ಪದ ಒಂಟಿಯಾಗಿ ನಿಲ್ಲುವುದಿಲ್ಲ ಎಂಬುದನ್ನೂ ಇಲ್ಲೇ ನೆನಪಿಡಿ. ಅದರ ಹಿಂದೆ ‘ಎ’, ‘ದ’, ‘ಮೈ’, ‘ಅವರ್’ ಏನಾದರೂ ಒಂದು ಬೇಕು. ‘ಗೋಯಿಂಗ್ ಟು ಹೌಸ್’ ಆಗುವುದಿಲ್ಲ. ‘ಗೋಯಿಂಗ್ ಟು ಮೈ ಹೌಸ್’ ಆಗುತ್ತದೆ. ‘ಹೋಮ್’ ಒಂಟಿಯಾಗಿ ನಿಲ್ಲಬಲ್ಲದು, ಅದರ ವಿಶೇಷವೇ ಅದು.

ಹೆಜ್ಜೆ 2: ‘ಗೆ’ ಎಲ್ಲಿ ಹೋಯಿತು?

ಹೈಸ್ಕೂಲಿನಲ್ಲಿ ಸಂಸ್ಕೃತ ತಗೊಂಡವರಿಗೆ ‘ಸಃ ಗೃಹಂ ಗಚ್ಛತಿ’ ನೆನಪಿರುತ್ತದೆ. ಅವನು ಮನೆಗೆ ಹೋಗುತ್ತಾನೆ. ಕನ್ನಡದಲ್ಲಿ ನಾವು ಚತುರ್ಥಿಯ ‘ಗೆ’ ಹಚ್ಚುತ್ತೇವೆ. ಸಂಸ್ಕೃತ ಅಲ್ಲಿ ದ್ವಿತೀಯಾ ವಿಭಕ್ತಿ ಬಳಸುತ್ತದೆ. ‘ಗೃಹಂ’ ಅಂದರೆ ಸಾಕು, ‘ಕಡೆಗೆ’ ಎಂಬ ಅರ್ಥ ಅದರಲ್ಲೇ ಬರುತ್ತದೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷೂ ಹೀಗೇ ಇತ್ತು. ಆಗ ಈ ಪದ ‘ಹಾಮ್’. ಅದಕ್ಕೆ ಮನೆ ಎಂಬ ಅರ್ಥದ ಜೊತೆಗೆ ಹಳ್ಳಿ, ನೆಲೆ ಎಂಬ ಅರ್ಥವೂ ಇತ್ತು. ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್ ಊರುಗಳ ಹೆಸರಿನ ಕೊನೆಯಲ್ಲಿ ಇವತ್ತಿಗೂ ಆ ‘ಹಾಮ್’ ಕೂತಿದೆ. ಆಗಿನ ಇಂಗ್ಲಿಷ್‌ನಲ್ಲಿ ನಾಮಪದಗಳಿಗೆ ವಿಭಕ್ತಿಗಳಿದ್ದವು. ‘ಮನೆಗೆ ಹೋದ’ ಅನ್ನಲು ‘ಹಾಮ್’ ಪದವನ್ನು ದ್ವಿತೀಯಾ ವಿಭಕ್ತಿಯಲ್ಲಿ ಇಡುತ್ತಿದ್ದರು, ಸಂಸ್ಕೃತದ ಹಾಗೆಯೇ. ಕಾಲ ಕಳೆದಂತೆ ಇಂಗ್ಲಿಷ್ ತನ್ನ ವಿಭಕ್ತಿ ಪ್ರತ್ಯಯಗಳನ್ನು ಬಹುತೇಕ ಕಳೆದುಕೊಂಡಿತು. ಉಳಿದ ಜಾಗಗಳ ಹೆಸರಿಗೆಲ್ಲ ‘ಟು’ ಬಂದು ಸೇರಿತು: ‘ಟು ಸ್ಕೂಲ್’, ‘ಟು ದ ಮಾರ್ಕೆಟ್’, ‘ಟು ಮೈಸೂರು’. ‘ಹೋಮ್’ ಮಾತ್ರ ಹಳೆಯ ರೂಢಿ ಬಿಡಲಿಲ್ಲ.

ಅಂದರೆ ‘ಗೋ ಹೋಮ್’ ಅನ್ನುವಾಗಿನ ‘ಹೋಮ್’ಗೆ ಅರ್ಥ ‘ಮನೆ’ ಅಲ್ಲ, ‘ಮನೆಗೆ’. ನೀವು ‘ಟು ಹೋಮ್’ ಅಂದರೆ ‘ಮನೆಗೆಗೆ’ ಅಂದ ಹಾಗಾಗುತ್ತದೆ.

ಇದನ್ನು ಬಳಕೆಗೆ ತರುವುದು ಸುಲಭ. ಕನ್ನಡದ ವಾಕ್ಯದಲ್ಲಿ ಬರೀ ‘ಮನೆಗೆ’ ಇದೆಯಾ ನೋಡಿ. ಇದ್ದರೆ ಇಂಗ್ಲಿಷ್‌ನಲ್ಲಿ ಬರೀ ‘ಹೋಮ್’.

‘ಮನೆಗೆ ಹೋಗು’ ‘ಗೋ ಹೋಮ್’. ‘ಬೇಗ ಮನೆಗೆ ಬಾ’ ‘ಕಮ್ ಹೋಮ್ ಸೂನ್’. ‘ನಡೆದುಕೊಂಡೇ ಮನೆಗೆ ಹೋದೆ’ ‘ಐ ವಾಕ್ಡ್ ಹೋಮ್’. ‘ಸಾಮಾನು ಮನೆಗೆ ತಂದೆ’ ‘ಐ ಬ್ರಾಟ್ ದ ಥಿಂಗ್ಸ್ ಹೋಮ್’. ‘ಮಕ್ಕಳನ್ನು ಮನೆಗೆ ಕಳಿಸಿದರು’ ‘ದೇ ಸೆಂಟ್ ದ ಚಿಲ್ಡ್ರನ್ ಹೋಮ್’.

‘ಆನ್ ದ ವೇ ಹೋಮ್’ ಎಂಬುದನ್ನು ಬೇರೆಯಾಗಿ ಕಲಿಯಿರಿ. ‘ಮನೆಗೆ ಹೋಗೋ ದಾರಿಯಲ್ಲಿ’ ಎಂದರ್ಥ. ‘ಆನ್ ದ ವೇ ಟು ಹೋಮ್’ ಎಂಬುದು ಚೆನ್ನಾಗಿ ಇಂಗ್ಲಿಷ್ ಬಲ್ಲವರ ಬಾಯಲ್ಲೂ ಕೇಳುವ ತಪ್ಪು.

‘ರೀಚ್’ ಪದದಲ್ಲಿ ಎರಡು ತಪ್ಪು ಒಟ್ಟಿಗೆ ಆಗುತ್ತದೆ. ‘ಐ ರೀಚ್ಡ್ ಟು ಹೋಮ್’ ಎಂದು ಮೆಸೇಜ್ ಮಾಡುವವರು ಎಷ್ಟು ಜನ! ‘ರೀಚ್’ಗೆ ಯಾವ ಜಾಗದ ಜೊತೆಗೂ ‘ಟು’ ಬೇಡ. ‘ಹೋಮ್’ಗೂ ಬೇಡ. ‘ರೀಚ್ಡ್ ಹೋಮ್’ ಅಷ್ಟೇ. ಬ್ರಿಟನ್, ಅಮೆರಿಕದ ಜನ ಇಂಥ ಕಡೆ ‘ಐ ಗಾಟ್ ಹೋಮ್’ ಅಥವಾ ‘ಐ ಆಮ್ ಹೋಮ್’ ಅನ್ನುವುದು ಜಾಸ್ತಿ. ಎಂಟು ಗಂಟೆ ಒಳಗೆ ಬರ್ತೀನಿ ಎಂದು ಅಮ್ಮನಿಗೆ ಹೇಳುವ ಹಾಗೆ ‘ಐ ವಿಲ್ ಬಿ ಹೋಮ್ ಬೈ ಏಟ್’ ಅನ್ನಿ. ಬಾಗಿಲು ತೆಗೆದು ಒಳಗೆ ಕಾಲಿಡುತ್ತಾ ನಾವು ‘ಅಮ್ಮಾ, ಬಂದೆ’ ಅನ್ನುತ್ತೇವಲ್ಲ, ಅವರು ಅಲ್ಲಿ ‘ಐ ಆಮ್ ಹೋಮ್’ ಅನ್ನುತ್ತಾರೆ.

ನಮ್ಮ ‘ಹೋಗಿ ಬರ್ತೀನಿ’ ಕೂಡ ಇಲ್ಲಿ ತೊಡಕು ಮಾಡುತ್ತದೆ. ‘ಮನೆಗೆ ಹೋಗಿ ಬರ್ತೀನಿ’ ಎಂಬುದನ್ನು ‘ಐ ವಿಲ್ ಗೋ ಟು ಹೋಮ್ ಆಂಡ್ ಕಮ್’ ಅನ್ನುತ್ತೇವೆ. ಬರೀ ‘ಕಮ್’ ಅಲ್ಲಿ ಅರ್ಧಕ್ಕೆ ನಿಂತ ಹಾಗೆ ಕೇಳುತ್ತದೆ. ‘ಐ ವಿಲ್ ಗೋ ಹೋಮ್ ಆಂಡ್ ಕಮ್ ಬ್ಯಾಕ್’ ಅನ್ನಿ.

ಹೋಮ್‌ನ ಹಾಗೆಯೇ ‘ಗೆ’ಯನ್ನು ಒಳಗೆ ಇಟ್ಟುಕೊಂಡ ಪದಗಳು ಇನ್ನೂ ಕೆಲವಿವೆ. ‘ಹಿಯರ್’ (ಇಲ್ಲಿಗೆ), ‘ದೇರ್’ (ಅಲ್ಲಿಗೆ), ‘ಅಪ್‌ಸ್ಟೇರ್ಸ್’ (ಮಹಡಿಗೆ), ‘ಅಬ್ರಾಡ್’ (ಹೊರದೇಶಕ್ಕೆ). ‘ಕಮ್ ಟು ಹಿಯರ್’ ಅನ್ನುವುದಿಲ್ಲ ಅಲ್ವಾ? ‘ಗೋ ಟು ಅಬ್ರಾಡ್’ ಕೂಡ ಹಾಗೆಯೇ ತಪ್ಪು. ‘ಫಾರಿನ್‌ಗೆ ಹೋದ’ ಎಂಬುದಕ್ಕೆ ‘ಹಿ ವೆಂಟ್ ಅಬ್ರಾಡ್’. ‘ಹೋಮ್’ ಜೊತೆಗೆ ಇವುಗಳನ್ನೂ ಒಂದೇ ಗುಂಪಾಗಿ ಕಲಿತರೆ ಮರೆಯುವುದಿಲ್ಲ.

ಹೆಜ್ಜೆ 3: ಯಾರ ಮನೆ?

ಇದನ್ನು ಯಾವ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲೂ ಸರಿಯಾಗಿ ಒತ್ತಿ ಹೇಳುವುದಿಲ್ಲ ಎಂಬುದು ನನ್ನ ಬೇಸರ. ನಮ್ಮವರು ಹೊರದೇಶಕ್ಕೆ ಹೋದಾಗ ನಿಜವಾಗಿ ಗೊಂದಲ ಆಗುವುದು ಇಲ್ಲೇ.

ಒಂಟಿಯಾಗಿ ಬಂದ ‘ಹೋಮ್’ ಅಂದರೆ ‘ತಮ್ಮ ಮನೆಗೆ’. ಯಾರು ಹೋಗುತ್ತಾರೋ ಅವರ ಮನೆಗೆ. ‘ರವಿ ವೆಂಟ್ ಹೋಮ್’ ಅಂದರೆ ರವಿ ತನ್ನ ಮನೆಗೆ ಹೋದ. ‘ದೇ ವೆಂಟ್ ಹೋಮ್’ ಅಂದರೆ ಅವರು ಅವರವರ ಮನೆಗೆ ಹೋದರು. ಮನೆ ಯಾರದು ಎಂದು ಹೇಳುವ ಅಗತ್ಯವೇ ಇಲ್ಲ, ಪದವೇ ಹೇಳುತ್ತದೆ.

ಈಗ ನೆಂಟರನ್ನು ಕರೆಯುವ ಸಂದರ್ಭ ನೋಡಿ. ನಮ್ಮಲ್ಲಿ ‘ಒಂದ್ಸಲ ಮನೆಗೆ ಬನ್ನಿ’ ಅನ್ನುತ್ತೇವೆ. ಅದನ್ನೇ ‘ಪ್ಲೀಸ್ ಕಮ್ ಹೋಮ್ ಫಾರ್ ಡಿನ್ನರ್’ ಎಂದು ಇಂಗ್ಲಿಷ್‌ನಲ್ಲಿ ಹೇಳುತ್ತೇವೆ. ಭಾರತದಲ್ಲಿ ಇದು ಎಲ್ಲರಿಗೂ ಅರ್ಥವಾಗುತ್ತದೆ, ಯಾರೂ ತಪ್ಪು ತಿಳಿಯುವುದಿಲ್ಲ. ಲಂಡನ್ನಿನ ಸಹೋದ್ಯೋಗಿಗೆ ಇದನ್ನೇ ಹೇಳಿದರೆ ಅವರು ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. ‘ಕಮ್ ಹೋಮ್’ ಎಂದು ಅವರು ಹೇಳುವುದು ಮನೆ ಬಿಟ್ಟು ಹೋದ ಮಗನಿಗೆ, ದೂರದಲ್ಲಿರುವ ಹೆಂಡತಿಗೆ. ಅವರದೇ ಮನೆಗೆ ವಾಪಸ್ ಬಾ ಎಂಬ ಅರ್ಥದಲ್ಲಿ. ಅತಿಥಿಗೆ ಹೇಳುವ ಮಾತು ‘ಕಮ್ ಓವರ್ ಫಾರ್ ಡಿನ್ನರ್’, ‘ಕಮ್ ರೌಂಡ್’, ಇಲ್ಲವೇ ‘ಕಮ್ ಟು ಅವರ್ ಪ್ಲೇಸ್’. ಈ ಮೂರರಲ್ಲಿ ‘ಅವರ್ ಪ್ಲೇಸ್’ ಎಲ್ಲ ದೇಶಕ್ಕೂ ಸಲ್ಲುತ್ತದೆ. ನನ್ನ ಸಲಹೆ ಅದೇ.

ಮನೆ ಬೇರೆಯವರದಾದರೆ ಹೆಸರು ಹೇಳಲೇಬೇಕು, ಆಗ ‘ಟು’ ವಾಪಸ್ ಬರುತ್ತದೆ. ‘ಐ ವೆಂಟ್ ಟು ರವಿಸ್ ಹೌಸ್’, ‘ಟು ರವಿಸ್ ಪ್ಲೇಸ್’, ಇನ್ನೂ ಸಲಿಗೆಯಲ್ಲಿ ಬರೀ ‘ಟು ರವಿಸ್’. ಮೊದಲಿಗೆ ಹೇಳಿದ ‘ಕಮ್ ಟು ಮೈ ಹೋಮ್’ನ ಗುಟ್ಟು ಇದೇ. ‘ಮೈ’ ಎಂದು ಒಡೆಯನ ಹೆಸರು ಹೊರಗೆ ಬಂದ ಕೂಡಲೇ ‘ಹೋಮ್’ ಮಾಮೂಲಿ ನಾಮಪದ ಆಗುತ್ತದೆ. ಅದರ ಒಳಗಿನ ‘ಗೆ’ ಹೋಗುತ್ತದೆ. ಅದಕ್ಕೇ ‘ವೆಲ್ಕಮ್ ಹೋಮ್’ ಸರಿ, ‘ವೆಲ್ಕಮ್ ಟು ಅವರ್ ಹೋಮ್’ ಕೂಡ ಸರಿ, ‘ವೆಲ್ಕಮ್ ಟು ಹೋಮ್’ ಮಾತ್ರ ತಪ್ಪು. ಮೊದಲನೆಯದು ಮನೆಯವರಿಗೆ, ಎರಡನೆಯದು ನೆಂಟರಿಗೆ.

ಗೃಹಪ್ರವೇಶಕ್ಕೆ ಬಂದವರಿಗೆ ‘ವೆಲ್ಕಮ್ ಹೋಮ್’ ಎಂದು ಬೋರ್ಡು ಹಾಕುವುದಿದ್ದರೆ ಒಮ್ಮೆ ಯೋಚಿಸಿ. ಅದು ಆ ದಿನ ನಿಮಗೆ ಯಾರಾದರೂ ಹೇಳಬೇಕಾದ ಮಾತು.

ಹೆಜ್ಜೆ 4: ‘ಮನೆಯಲ್ಲಿ’ ಮತ್ತು ‘ಮನೆಯಿಂದ’

‘ಮನೆಯಲ್ಲಿ’ ಅನ್ನಲು ‘ಅಟ್ ಹೋಮ್’. ‘ಇನ್ ಹೋಮ್’ ಬೇಡ. ‘ಮನೇಲಿ ಕನ್ನಡ ಮಾತಾಡ್ತೀವಿ’ ‘ವಿ ಸ್ಪೀಕ್ ಕನ್ನಡ ಅಟ್ ಹೋಮ್’. ‘ಮನೇಲಿ ಎಲ್ಲ ಚೆನ್ನಾಗಿದಾರಾ?’ ‘ಹೌ ಈಸ್ ಎವ್ರಿವನ್ ಅಟ್ ಹೋಮ್?’ ಈ ಎರಡನೆಯ ವಾಕ್ಯ ಬಾಯಲ್ಲಿ ಕೂರಿಸಿಕೊಳ್ಳಿ. ನಮ್ಮ ಮನಸ್ಸಿಗೆ ಹತ್ತಿರವಾದ ವಿಚಾರಣೆ, ಇಂಗ್ಲಿಷ್‌ನಲ್ಲೂ ಅಷ್ಟೇ ಸಹಜವಾಗಿ ಕೇಳುತ್ತದೆ.

‘ಇನ್ ದ ಹೌಸ್’ ಎಂಬುದಕ್ಕೆ ಬೇರೆ ಕೆಲಸ. ‘ಅಪ್ಪ ಮನೇಲಿದಾರಾ?’ ಎಂದು ಕೇಳುವಾಗ ಸಿಗುತ್ತಾರಾ ಎಂಬುದು ನಮ್ಮ ಪ್ರಶ್ನೆ, ಹಾಗಾಗಿ ‘ಅಟ್ ಹೋಮ್’. ‘ಬೆಕ್ಕು ಮನೆ ಒಳಗಿದೆ, ಅಂಗಳದಲ್ಲಿ ಇಲ್ಲ’ ಎನ್ನುವಾಗ ಗೋಡೆಯ ಒಳಗೋ ಹೊರಗೋ ಎಂಬುದು ವಿಷಯ, ಹಾಗಾಗಿ ‘ಇನ್ ದ ಹೌಸ್’.

‘ಸ್ಟೇ ಅಟ್ ಹೋಮ್’ ಸರಿಯೋ ‘ಸ್ಟೇ ಹೋಮ್’ ಸರಿಯೋ ಎಂದು ಕೇಳುವವರಿದ್ದಾರೆ. ಎರಡೂ ಸರಿ. ‘ಸ್ಟೇ ಹೋಮ್’ ಅಮೆರಿಕದ ಕಡೆಯ ರೂಢಿ, ‘ಸ್ಟೇ ಅಟ್ ಹೋಮ್’ ಬ್ರಿಟನ್ನಿನದು ಎಂದು ಪಾಠಪುಸ್ತಕಗಳು ಹೇಳುತ್ತವೆ. ಆದರೆ 2020ರ ಮಾರ್ಚ್‌ನಲ್ಲಿ ಕೊರೊನಾ ಸಮಯದಲ್ಲಿ ಬ್ರಿಟನ್ ಸರ್ಕಾರ ಜನರಿಗೆ ಕೊಟ್ಟ ಘೋಷಣೆಯೇ ‘ಸ್ಟೇ ಹೋಮ್’ ಎಂದು ಶುರುವಾಗುತ್ತಿತ್ತು. ಹಾಗಾಗಿ ಈ ಗೆರೆ ಈಗ ಅಷ್ಟು ಗಟ್ಟಿಯಾಗಿಲ್ಲ. ನಿಮಗೆ ಯಾವುದು ಬಾಯಿಗೆ ಬರುತ್ತದೋ ಅದನ್ನು ಬಳಸಿ.

‘ಮೇಕ್ ಯುವರ್ಸೆಲ್ಫ್ ಅಟ್ ಹೋಮ್’ ಎಂಬುದು ನಮ್ಮ ‘ನಿಮ್ಮನೆ ಅಂದ್ಕೊಳ್ಳಿ, ಸಂಕೋಚ ಬೇಡ’ ಎನ್ನುವುದಕ್ಕೆ ಸರಿಸಮ. ಇನ್ನೊಂದು ‘ಅಟ್ ಹೋಮ್’ ಆಹ್ವಾನ ಪತ್ರಿಕೆಯಲ್ಲಿ ಬರುತ್ತದೆ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದಂದು ರಾಷ್ಟ್ರಪತಿ ಭವನದಲ್ಲಿ ನಡೆಯುವ ಸತ್ಕಾರಕೂಟದ ಹೆಸರೇ ‘ಅಟ್ ಹೋಮ್’. ಇಂಥವರು ಇಷ್ಟು ಹೊತ್ತಿಗೆ ಮನೆಯಲ್ಲಿರುತ್ತಾರೆ, ಬನ್ನಿ ಎಂಬ ಹಳೆಯ ಬ್ರಿಟಿಷ್ ಪದ್ಧತಿಯಿಂದ ಬಂದದ್ದು ಅದು.

ಇನ್ನು ‘ಇಂದ’. ಹೋಮ್ ತನ್ನೊಳಗೆ ಇಟ್ಟುಕೊಂಡಿರುವುದು ‘ಗೆ’ಯನ್ನು ಮಾತ್ರ, ‘ಇಂದ’ವನ್ನಲ್ಲ. ಹಾಗಾಗಿ ‘ಫ್ರಮ್ ಹೋಮ್’ ಬೇಕು: ‘ಫಾರ್ ಫ್ರಮ್ ಹೋಮ್’, ‘ಅವೇ ಫ್ರಮ್ ಹೋಮ್’. ‘ಲೀವ್’ ಜೊತೆ ಮಾತ್ರ ಎಚ್ಚರ. ‘ಎಂಟಕ್ಕೆ ಮನೆ ಬಿಟ್ಟೆ’ ಎಂದು ಕನ್ನಡದಲ್ಲೂ ‘ಇಂದ’ ಇಲ್ಲದೆ ಹೇಳುತ್ತೇವೆ. ಹಾಗೆಯೇ ‘ಐ ಲೆಫ್ಟ್ ಹೋಮ್ ಅಟ್ ಏಟ್’. ‘ಲೆಫ್ಟ್ ಫ್ರಮ್ ಹೋಮ್’ ಬೇಡ. ಇದೊಂದು ಕಡೆ ಕನ್ನಡ ನಮಗೆ ಸಹಾಯ ಮಾಡುತ್ತದೆ.

‘ವರ್ಕ್ ಫ್ರಮ್ ಹೋಮ್’ ಈಗ ಕನ್ನಡದ ಪದವೇ ಆಗಿಹೋಗಿದೆ. ‘ಇವತ್ತು ವರ್ಕ್ ಫ್ರಮ್ ಹೋಮ್’ ಎಂದರೆ ಹಳ್ಳಿಯ ಅಜ್ಜಿಗೂ ತಿಳಿಯುತ್ತದೆ. ಇಂಗ್ಲಿಷ್ ವಾಕ್ಯದಲ್ಲಿ ‘ಐ ಆಮ್ ಡೂಯಿಂಗ್ ವರ್ಕ್ ಫ್ರಮ್ ಹೋಮ್’ ಅನ್ನುವ ಬದಲು ‘ಐ ಆಮ್ ವರ್ಕಿಂಗ್ ಫ್ರಮ್ ಹೋಮ್ ಟುಡೇ’ ಅನ್ನಿ.

ಹೆಜ್ಜೆ 5: ಊರು, ತವರು, ನಮ್ಮನೆಯವರು

ಇಂಗ್ಲಿಷ್‌ನಲ್ಲಿ ‘ಊರು’ ಎಂಬುದಕ್ಕೆ ಒಂದೇ ಪದ ಇಲ್ಲ ಎಂದು ಕೊರಗುವವರು ಒಂದು ವಿಷಯ ಗಮನಿಸುವುದಿಲ್ಲ. ಅನೇಕ ಕಡೆ ‘ಊರು’ ಅನ್ನುವುದಕ್ಕೆ ‘ಹೋಮ್’ ಸಾಕು. ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗಿ ‘ಯುಗಾದಿಗೆ ಊರಿಗೆ ಹೋಗ್ತಿದೀನಿ’ ಅಂದರೆ ‘ಐ ಆಮ್ ಗೋಯಿಂಗ್ ಹೋಮ್ ಫಾರ್ ಯುಗಾದಿ’. ‘ಗೋಯಿಂಗ್ ಟು ನೇಟಿವ್’ ನಮ್ಮ ದೇಶದ ಹೊರಗೆ ಯಾರಿಗೂ ಅರ್ಥವಾಗುವುದಿಲ್ಲ. ‘ನಿಮ್ಮ ನೇಟಿವ್ ಯಾವುದು?’ ಎಂದು ಕೇಳಬೇಕಾದಾಗ ‘ವೇರ್ ಆರ್ ಯು ಫ್ರಮ್?’ ಅಥವಾ ಇನ್ನೂ ಆತ್ಮೀಯವಾಗಿ ‘ವೇರ್ ಈಸ್ ಹೋಮ್?’ ಎಂದು ಕೇಳಿ. ಹುಟ್ಟಿ ಬೆಳೆದ ಊರಿಗೆ ‘ಹೋಮ್‌ಟೌನ್’.

ದುಬೈನಲ್ಲೋ ಡಾಲಸ್‌ನಲ್ಲೋ ಇರುವ ಕನ್ನಡಿಗರಿಗೆ ‘ಬ್ಯಾಕ್ ಹೋಮ್’ ಬೇಕಾಗುತ್ತದೆ. ‘ನಮ್ಮೂರ ಕಡೆ’ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಮಾತಿಲ್ಲ. ‘ನಮ್ಮ ಕಡೆ ಜೂನ್‌ನಲ್ಲಿ ಮಳೆ ಶುರುವಾಗುತ್ತೆ’ ಎಂದು ಹೇಳಲು ‘ಬ್ಯಾಕ್ ಹೋಮ್, ದ ರೇನ್ಸ್ ಸ್ಟಾರ್ಟ್ ಇನ್ ಜೂನ್’. ಊರು ನೆನಪಾಗಿ ಮನಸ್ಸು ಭಾರವಾದರೆ ‘ಐ ಆಮ್ ಹೋಮ್‌ಸಿಕ್’, ಅಥವಾ ಸುಮ್ನೆ ‘ಐ ಮಿಸ್ ಹೋಮ್’. ಇಲ್ಲಿ ‘ಸಿಕ್’ ಇದ್ದರೂ ಜ್ವರಕ್ಕೂ ಇದಕ್ಕೂ ಸಂಬಂಧ ಇಲ್ಲ. ಕಾಯಿಲೆ ಬಿದ್ದು ಮನೆಯಲ್ಲಿದ್ದರೆ ‘ಅಟ್ ಹೋಮ್ ಸಿಕ್’.

ತವರುಮನೆ ವಿಷಯಕ್ಕೆ ಬಂದರೆ ಇಂಗ್ಲಿಷ್ ನಿಜವಾಗಿಯೂ ಬಡವೆ. ತವರಿನಲ್ಲಿ ಇರುವ ಪ್ರೀತಿ, ಹಕ್ಕು, ಬಾಗಿನ, ಬಾಣಂತನ ಯಾವುದೂ ಒಂದು ಪದದಲ್ಲಿ ಬರುವುದಿಲ್ಲ. ಮದುವೆಯಾದ ಹೆಣ್ಣುಮಗಳು ‘ಐ ಆಮ್ ಗೋಯಿಂಗ್ ಹೋಮ್’ ಅಂದರೆ ಅವಳು ಈಗ ಇರುವ ಮನೆ ಎಂದೇ ಕೇಳುವವರು ತಿಳಿಯುತ್ತಾರೆ. ತವರು ಎಂದು ಸ್ಪಷ್ಟ ಮಾಡಲು ‘ಮೈ ಪೇರೆಂಟ್ಸ್ ಪ್ಲೇಸ್’ ಅಥವಾ ‘ಮೈ ಮದರ್ಸ್ ಹೌಸ್’ ಎಂದು ಬಿಡಿಸಿ ಹೇಳಿ. ‘ಹೆರಿಗೆಗೆ ತವರಿಗೆ ಹೋಗಿದ್ದಾಳೆ’ ‘ಶಿ ಹ್ಯಾಸ್ ಗಾನ್ ಟು ಹರ್ ಪೇರೆಂಟ್ಸ್ ಪ್ಲೇಸ್ ಟು ಹ್ಯಾವ್ ದ ಬೇಬಿ’.

‘ನಮ್ಮನೆಯವರು’ ಎಂಬುದನ್ನು ಹೋಮ್ ಕಡೆಗೆ ಎಳೆಯಲೇಬೇಡಿ. ಗಂಡನ ಬಗ್ಗೆ ಹೇಳುವಾಗ ‘ಮೈ ಹಸ್ಬೆಂಡ್’. ಮನೆಮಂದಿ ಎಂಬ ಅರ್ಥದಲ್ಲಿ ‘ಮೈ ಫ್ಯಾಮಿಲಿ’. ‘ಮೈ ಹೋಮ್ ಪೀಪಲ್’ ಎಂಬುದು ಇಂಗ್ಲಿಷ್‌ನಲ್ಲಿ ಇಲ್ಲ.

ಹೆಜ್ಜೆ 6: ಭಾರತದಲ್ಲೊಂದು, ಹೊರಗೊಂದು

ಕೆಲವು ಪದಗಳು ಇಲ್ಲಿ ಒಂದು ಅರ್ಥ ಕೊಡುತ್ತವೆ, ಹೊರದೇಶದಲ್ಲಿ ಇನ್ನೊಂದು. ಇವುಗಳಲ್ಲಿ ‘ಹೋಮ್ಲಿ’ ಎಲ್ಲಕ್ಕಿಂತ ಅಪಾಯದ್ದು. ನಮ್ಮ ವಧೂವರರ ಜಾಹೀರಾತಿನಲ್ಲಿ ‘ಹೋಮ್ಲಿ ಗರ್ಲ್’ ಅಂದರೆ ಮನೆಗೆ ಹೊಂದಿಕೊಳ್ಳುವ ಹುಡುಗಿ, ಹೊಗಳಿಕೆಯ ಮಾತು. ಬ್ರಿಟನ್ನಿನಲ್ಲಿ ‘ಹೋಮ್ಲಿ’ ಎಂದರೆ ಆರಾಮ ಅನ್ನಿಸುವ, ಬೆಚ್ಚಗಿನ ಜಾಗ. ಅಮೆರಿಕದಲ್ಲಿ ಒಬ್ಬರನ್ನು ‘ಹೋಮ್ಲಿ’ ಎಂದರೆ ನೋಡಲು ಚೆನ್ನಾಗಿಲ್ಲ ಎಂದು ಹೇಳಿದ ಹಾಗೆ. ಅಮೆರಿಕದ ಸ್ನೇಹಿತರ ಹೆಂಡತಿಯನ್ನು ಮೆಚ್ಚಿಕೊಳ್ಳಲು ಹೋಗಿ ಈ ಪದ ಬಳಸಿದರೆ ಏನಾಗಬಹುದು ಯೋಚಿಸಿ. ಮನುಷ್ಯರ ಬಗ್ಗೆ ಈ ಪದವನ್ನು ಪೂರ್ತಿ ಬಿಟ್ಟುಬಿಡುವುದೇ ಒಳ್ಳೆಯದು. ಊಟದ ಬಗ್ಗೆ ‘ಹೋಮ್ಲಿ ಫುಡ್’ ಬದಲು ‘ಹೋಮ್ ಕುಕ್ಡ್ ಫುಡ್’ ಅನ್ನಿ, ಎಲ್ಲ ಕಡೆ ನಡೆಯುತ್ತದೆ.

‘ನರ್ಸಿಂಗ್ ಹೋಮ್’ ಎರಡನೆಯದು. ಇಲ್ಲಿ ಅದು ಸಣ್ಣ ಖಾಸಗಿ ಆಸ್ಪತ್ರೆ. ಬಡಾವಣೆಯ ನರ್ಸಿಂಗ್ ಹೋಮಿನಲ್ಲಿ ಹೆರಿಗೆ ಆಯಿತು ಅನ್ನುತ್ತೇವೆ. ಅಮೆರಿಕ, ಬ್ರಿಟನ್‌ಗಳಲ್ಲಿ ಅದು ಆರೈಕೆ ಬೇಕಾದ ವಯಸ್ಸಾದವರು ಉಳಿಯುವ ಜಾಗ. ‘ಮೈ ಮದರ್ ಈಸ್ ಇನ್ ಎ ನರ್ಸಿಂಗ್ ಹೋಮ್’ ಎಂದು ರಜೆ ಕೇಳಿದರೆ ಅಲ್ಲಿನ ಮ್ಯಾನೇಜರಿಗೆ ತುರ್ತು ಗೊತ್ತಾಗುವುದೇ ಇಲ್ಲ. ‘ಇನ್ ಹಾಸ್ಪಿಟಲ್’ ಅನ್ನಿ. ಅಮೆರಿಕದಲ್ಲಿ ‘ಇನ್ ದ ಹಾಸ್ಪಿಟಲ್’.

‘ಹೌಸ್ ಓನರ್’ ಬೆಂಗಳೂರಿನ ಬಾಡಿಗೆದಾರರ ದಿನನಿತ್ಯದ ಪದ. ಇಂಗ್ಲಿಷ್‌ನಲ್ಲಿ ‘ಲ್ಯಾಂಡ್‌ಲಾರ್ಡ್’, ಹೆಂಗಸಾದರೆ ‘ಲ್ಯಾಂಡ್‌ಲೇಡಿ’. ‘ಹೋಮ್‌ಓನರ್’ ಅಂದರೆ ಸ್ವಂತ ಮನೆ ಇರುವವರು, ಬಾಡಿಗೆ ವಸೂಲಿಯ ಅರ್ಥ ಅದರಲ್ಲಿ ಇಲ್ಲ.

‘ಹೋಮ್‌ವರ್ಕ್’ಗೆ ಬಹುವಚನ ಇಲ್ಲ. ಎಷ್ಟು ವಿಷಯದ್ದು ಇದ್ದರೂ ‘ಎ ಲಾಟ್ ಆಫ್ ಹೋಮ್‌ವರ್ಕ್’. ಅದನ್ನು ‘ರೈಟ್’ ಮಾಡುವುದಿಲ್ಲ, ‘ಡೂ’ ಮಾಡುತ್ತಾರೆ. ಅಡುಗೆ, ಪಾತ್ರೆ, ಕಸ ಗುಡಿಸುವುದು ‘ಹೌಸ್‌ವರ್ಕ್’. ಮನೆ ನೋಡಿಕೊಳ್ಳುವ ಹೆಂಗಸರಿಗೆ ‘ಹೌಸ್‌ವೈಫ್’ ಎನ್ನುವ ಬದಲು ‘ಹೋಮ್‌ಮೇಕರ್’ ಎಂಬುದು ಈಗಿನ ರೂಢಿ. ನಮ್ಮ ಸುಪ್ರೀಂ ಕೋರ್ಟ್ 2023ರಲ್ಲಿ ಹೊರತಂದ ಕೈಪಿಡಿಯೂ ಇದೇ ಬದಲಾವಣೆ ಸೂಚಿಸಿದೆ. ಗಂಡಸರಿಗೂ ಹೊಂದುತ್ತದೆ ಎಂಬುದು ಈ ಪದದ ದೊಡ್ಡ ಗುಣ.

ಹೆಜ್ಜೆ 7: ‘ಹೋಮ್’ ಅಂದರೆ ದೇಶ, ನೆಲೆ

‘ಹೋಮ್ ಮಿನಿಸ್ಟರ್’ ಎಂಬಲ್ಲಿ ಹೋಮ್ ಎಂದರೆ ದೇಶದ ಅಥವಾ ರಾಜ್ಯದ ಒಳಗಿನ ವ್ಯವಹಾರ. ಬ್ರಿಟನ್ನಿನಲ್ಲಿ 1782ರಲ್ಲಿ ‘ಹೋಮ್ ಆಫೀಸ್’ ಶುರುವಾಯಿತು. ನಮ್ಮ ‘ಗೃಹ ಇಲಾಖೆ’ಯ ಹೆಸರಿನಲ್ಲಿರುವುದೂ ಅದೇ ಅರ್ಥದ ಹೋಮ್.

ಬ್ರಿಟಿಷರ ಕಾಲದಲ್ಲಿ ‘ಯಾರ ಹೋಮ್’ ಎಂಬ ಪ್ರಶ್ನೆ ರಾಜಕೀಯದ ಪ್ರಶ್ನೆಯೂ ಆಗಿತ್ತು. ಭಾರತದಲ್ಲಿದ್ದ ಇಂಗ್ಲಿಷರು ‘ಹೋಮ್’ ಅಂದರೆ ಇಂಗ್ಲೆಂಡ್. ಇಂಗ್ಲೆಂಡಿನಲ್ಲಿ ಆಗುವ ಖರ್ಚು, ಪಿಂಚಣಿ, ಸಾಲದ ಬಡ್ಡಿಗೆಂದು ಭಾರತದ ಬೊಕ್ಕಸದಿಂದ ಹಣ ಹೋಗುತ್ತಿತ್ತಲ್ಲ, ಅದಕ್ಕೆ ‘ಹೋಮ್ ಚಾರ್ಜಸ್’ ಎಂದೇ ಹೆಸರು. ಹಣ ನಮ್ಮದು, ಹೋಮ್ ಅವರದು. ಅದೇ ಪದವನ್ನು ನಮ್ಮವರು ತಿರುಗಿಸಿದ್ದು 1916ರಲ್ಲಿ. ಆ ವರ್ಷ ಏಪ್ರಿಲ್‌ನಲ್ಲಿ ತಿಲಕರು ಬೆಳಗಾವಿಯಲ್ಲಿ ಹೋಮ್ ರೂಲ್ ಲೀಗ್ ಶುರು ಮಾಡಿದರು, ಸೆಪ್ಟೆಂಬರ್‌ನಲ್ಲಿ ಅನಿ ಬೆಸೆಂಟರು ಮದ್ರಾಸಿನಲ್ಲಿ ಇನ್ನೊಂದು ಲೀಗ್ ಆರಂಭಿಸಿದರು. ಐರ್ಲೆಂಡಿನ ಹೋರಾಟದಿಂದ ಬಂದ ಮಾತದು. ಆದರೆ ಇಲ್ಲಿ ಹೋಮ್ ಅಂದರೆ ಭಾರತ ಎಂದು ಗಟ್ಟಿಯಾಗಿ ಹೇಳಿದ ಹಾಗಾಯಿತು.

ಕ್ರಿಕೆಟ್ಟಿನಲ್ಲಿ ‘ಹೋಮ್ ಗ್ರೌಂಡ್’ ಎಂಬುದಕ್ಕೆ ಕನ್ನಡ ಪತ್ರಿಕೆಗಳು ‘ತವರು ನೆಲ’ ಎಂದು ಬರೆಯುತ್ತವೆ. ಎಂಥ ಚಂದದ ಪದ! ಆರ್‌ಸಿಬಿಗೆ ಚಿನ್ನಸ್ವಾಮಿ ತವರು. ತವರಿನಲ್ಲಿ ಆಡಿದರೆ ‘ಅಟ್ ಹೋಮ್’, ಹೊರಗೆ ಆಡಿದರೆ ‘ಅವೇ’.

‘ಹೋಮ್ ಟು’ ಎಂಬುದನ್ನು ನೋಡಿ ಎರಡನೇ ಹೆಜ್ಜೆಯ ಪಾಠ ಮರೆಯಬೇಡಿ. ‘ಬಂಡೀಪುರ ಈಸ್ ಹೋಮ್ ಟು ಟೈಗರ್ಸ್ ಆಂಡ್ ಎಲಿಫೆಂಟ್ಸ್’ ಅಂದರೆ ಬಂಡೀಪುರ ಹುಲಿ, ಆನೆಗಳ ನೆಲೆ. ಇಲ್ಲಿ ‘ಟು’ ಹೋಮ್‌ನ ನಂತರ ಬಂದಿದೆ, ಯಾರಿಗೆ ನೆಲೆ ಎಂದು ಹೇಳುತ್ತಿದೆ. ನಮ್ಮ ತಪ್ಪಿನಲ್ಲಿ ಅದು ಹೋಮ್‌ನ ಮುಂಚೆ ಬರುತ್ತದೆ.

ಮನಸ್ಸಿಗೆ ನಾಟುವ ಹಾಗೆ ಹೇಳುವುದಕ್ಕೆ ‘ಡ್ರೈವ್ ಹೋಮ್ ದ ಪಾಯಿಂಟ್’ ಎಂಬ ಮಾತೂ ಇದೆ. ಓದುವಾಗ ಗೊತ್ತಿದ್ದರೆ ಸಾಕು, ಆಡಲೇಬೇಕು ಎಂದೇನಿಲ್ಲ.

ಹೆಜ್ಜೆ 8: ಬಾಯಲ್ಲಿ ಹೇಗೆ?

ಕೊನೆಯ ‘ಮ್’ನಲ್ಲಿ ತುಟಿ ಮುಚ್ಚಿ ನಿಲ್ಲಿಸಿ. ‘ಹೋಮು’ ಮಾಡಬೇಡಿ, ‘ಹೋಮ’ ಆದರಂತೂ ಅರ್ಥವೇ ಬೇರೆ. ಶುರುವಿನ ‘ಹ’ ಕಾರವನ್ನು ಮಾತಿನಲ್ಲಿ ಬಿಡುವ ರೂಢಿ ನಮ್ಮ ಹಲವು ಕಡೆ ಇದೆ. ಕನ್ನಡದಲ್ಲಿ ಅದರಿಂದ ಏನೂ ತೊಂದರೆ ಇಲ್ಲ, ಇಂಗ್ಲಿಷ್‌ನಲ್ಲಿ ‘ಹ’ ಕೇಳಿಸುವ ಹಾಗೆ ಉಸಿರು ಬಿಟ್ಟು ಹೇಳಿ. ‘ಗೋ ಹೋಮ್’ ಎಂಬಲ್ಲಿ ಒತ್ತು ಎರಡನೆಯ ಪದದ ಮೇಲೆ.

ಹೆಜ್ಜೆ 9: ಅಭ್ಯಾಸ

ಪುಸ್ತಕದ ವಾಕ್ಯ ಬೇಡ. ನಿಮ್ಮ ಮನೆಯವರಿಗೆ ನೀವು ಕಳಿಸಿದ ಮೆಸೇಜುಗಳನ್ನೇ ತೆಗೆಯಿರಿ. ‘ಮನೆ’ ಇರುವ ಸಾಲುಗಳನ್ನು ಆರಿಸಿ ಇಂಗ್ಲಿಷ್‌ನಲ್ಲಿ ಹೇಳಿ ನೋಡಿ. ಪ್ರತಿ ಸಾಲಿಗೂ ಎರಡು ಪ್ರಶ್ನೆ ಹಾಕಿಕೊಳ್ಳಿ: ಇಲ್ಲಿರುವುದು ‘ಗೆ’ಯೋ, ‘ಅಲ್ಲಿ’ಯೋ, ‘ಇಂದ’ವೋ? ಮನೆ ಯಾರದು? ಮಕ್ಕಳಿಗೆ ಕಲಿಸುವಾಗಲೂ ಮೊದಲು ಕನ್ನಡದ ವಾಕ್ಯ ಹೇಳಿಸಿ, ಆಮೇಲೆ ಇಂಗ್ಲಿಷಿಗೆ ಬನ್ನಿ. ಕನ್ನಡ ಬಿಟ್ಟು ನೇರ ಇಂಗ್ಲಿಷ್‌ನಲ್ಲಿ ಯೋಚಿಸು ಎಂದು ಮಕ್ಕಳನ್ನು ಹೆದರಿಸುವುದು ನನಗೆ ಸರಿ ಕಾಣುವುದಿಲ್ಲ. ತಪ್ಪು ಎಲ್ಲಿಂದ ಬರುತ್ತದೆ ಎಂದು ಗೊತ್ತಾದರೆ ಅವರೇ ತಿದ್ದಿಕೊಳ್ಳುತ್ತಾರೆ.

ಶುರು ಮಾಡಲು ಆರು ವಾಕ್ಯ ಕೊಡುತ್ತೇನೆ. ಉತ್ತರ ನೋಡುವ ಮೊದಲು ನೀವೇ ಹೇಳಿ.

‘ಮಗು ಇನ್ನೂ ಮನೆಗೆ ಬಂದಿಲ್ಲ.’ ‘ನಿನ್ನೆ ಸುಮಾ ಮನೆಗೆ ಹೋಗಿದ್ದೆ.’ ‘ನಾನು ಮನೆ ಬಿಡುವಾಗ ಮಳೆ ಬರ್ತಿತ್ತು.’ ‘ಮನೆಗೆ ಬರೋ ದಾರೀಲಿ ತರಕಾರಿ ತಗೊಂಡೆ.’ ‘ಮನೇಲಿ ಯಾರೂ ಇಲ್ಲ.’ ‘ಅವನು ಸುಮಾಳನ್ನ ಮನೆಗೆ ಬಿಟ್ಟು ತಾನೂ ಮನೆಗೆ ಹೋದ.’

ಮೊದಲನೆಯದು ‘ದ ಚೈಲ್ಡ್ ಹ್ಯಾಸ್ ನಾಟ್ ಕಮ್ ಹೋಮ್ ಯೆಟ್’. ಎರಡನೆಯದರಲ್ಲಿ ಮನೆ ಸುಮಾಳದು, ಹೋದದ್ದು ನೀವು, ಹಾಗಾಗಿ ‘ಐ ವೆಂಟ್ ಟು ಸುಮಾಸ್ ಪ್ಲೇಸ್ ಯೆಸ್ಟರ್‌ಡೇ’. ಮೂರನೆಯದು ‘ಇಟ್ ವಾಸ್ ರೇನಿಂಗ್ ವೆನ್ ಐ ಲೆಫ್ಟ್ ಹೋಮ್’. ನಾಲ್ಕನೆಯದು ‘ಐ ಬಾಟ್ ವೆಜಿಟಬಲ್ಸ್ ಆನ್ ದ ವೇ ಹೋಮ್’. ಐದನೆಯದು ‘ದೇರ್ ಈಸ್ ನೋ ಒನ್ ಅಟ್ ಹೋಮ್’, ಮಾತಿನಲ್ಲಿ ‘ನೋಬಡಿ ಈಸ್ ಹೋಮ್’ ಕೂಡ ನಡೆಯುತ್ತದೆ.

ಆರನೆಯದು ಸ್ವಲ್ಪ ಕಷ್ಟದ್ದು. ‘ಹಿ ಡ್ರಾಪ್ಡ್ ಸುಮಾ ಹೋಮ್ ಆಂಡ್ ದೆನ್ ವೆಂಟ್ ಹೋಮ್ ಹಿಮ್‌ಸೆಲ್ಫ್’. ಒಂದೇ ವಾಕ್ಯದಲ್ಲಿ ‘ಹೋಮ್’ ಎರಡು ಸಲ ಬಂದಿದೆ, ಮನೆಗಳೂ ಎರಡು. ಮೊದಲನೆಯದು ಸುಮಾಳದು, ಎರಡನೆಯದು ಅವನದು. ‘ಡ್ರಾಪ್’ ಎಂಬುದು ಬ್ರಿಟನ್ನಿನಲ್ಲೂ ನಮ್ಮಲ್ಲೂ ಹೀಗೆ ಬಳಕೆಯಲ್ಲಿದೆ. ಅದರ ಬದಲು ‘ಹಿ ಟುಕ್ ಸುಮಾ ಹೋಮ್’ ಅಂದರೆ ಅವಳ ಮನೆಗೆ ಬಿಟ್ಟನೋ, ತನ್ನ ಮನೆಗೇ ಕರೆದುಕೊಂಡು ಹೋದನೋ ತಿಳಿಯುವುದಿಲ್ಲ. ಅಂಥ ಕಡೆ ‘ಹೋಮ್’ ಬಿಟ್ಟು ‘ಟು ಹರ್ ಹೌಸ್’ ಎಂದು ಬಿಡಿಸಿ ಹೇಳಿ.